ಹಲಗೆಯಾಚೆಯ ಅಕ್ಕೋರು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಒಂದು ತಿಂಗಳು ತಡವಾಗಿ, ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸಿನಲ್ಲಿ. ಬಿಣಗಾದಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನನ್ನು ಕಂಡು ಪಕ್ಕದಲ್ಲಿ ಬಂದು ಕೂತಳು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಶಿಶುವಿಹಾರದಲ್ಲಿ ಆಯಾ ಆಗಿದ್ದವಳು. ಟಿಕೆಟ್ ತೆಗೆದು, ಚೀಲವನ್ನು ಕಾಲ ಬುಡಕ್ಕೆ ಸರಿಸಿ, ಆಮೇಲೆ ಹೇಳಿದಳು.

“ನಿಮ್ಗೆ ಗೊತ್ತಾಗ್ಲಿಲ್ವೇನೋ. ನಮ್ಮ ಅಕ್ಕೋರು ತೀರ್ಕಂಡ್ರು.”

“ಯಾವಾಗ?”

“ಹೋದ ಅಮಾಸೆ ಮರುದಿನ. ಹಾಲಿನ ಪಾಕೀಟು ಬಾಗ್ಲಲ್ಲೇ ಉಳ್ದದ್ದು ನೋಡಿ ಮನೆ ಮಾಲೀಕ್ರು ಕರೆದ್ರಂತೆ. ಒಯ್ಯೂಕೆ ಏಳೆಂಟು ಜನ ಇದ್ರು ಅಷ್ಟೇ. ಯಾರಿಗೆ ಹೇಳೂದು ಅಂತ ಯಾರಿಗೂ ಗೊತ್ತಿರ್ಲಿಲ್ಲ.”

ನಮ್ಮ ಜಿಲ್ಲೆಯಲ್ಲಿ ಪಾಠ ಹೇಳುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ನನ್ನನ್ನೂ ಈಗ ಹಾಗೆಯೇ ಕರೆಯುತ್ತಾರೆ. ಆದರೂ ಆ ಶಬ್ದ ಕಿವಿಗೆ ಬಿದ್ದರೆ ನನಗೆ ನೆನಪಾಗುವವರು ಅವರೊಬ್ಬರೇ.

ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಮೂರನೇ ಇಸವಿಯ ಜೂನಿನಲ್ಲಿ. ಆಗ ನನಗೆ ಇಪ್ಪತ್ತೆರಡು. ಅಪ್ಪ ಕದ್ರಾದ ವಿದ್ಯುದಾಗಾರದಲ್ಲಿ ಆಪರೇಟರು. ನಾನು ಬೆಳೆದದ್ದೆಲ್ಲ ಕಾಳಿ ನದಿಯ ವಿದ್ಯುತ್ ಯೋಜನೆಗಳ ಕ್ವಾರ್ಟರ್ಸುಗಳಲ್ಲಿ. ಆ ಮನೆಗಳಿಗೆ ಎ, ಬಿ, ಸಿ ಎಂದು ದರ್ಜೆಯ ಅಕ್ಷರಗಳಿದ್ದವು. ಯಾವ ಅಕ್ಷರದ ಮನೆ ಎಂದು ತಿಳಿದರೆ ಸಾಕು, ಅಪ್ಪನ ಹುದ್ದೆ ಯಾವುದು, ಒಳಗೆ ಫ್ರಿಜ್ ಇದೆಯೋ ಇಲ್ಲವೋ, ಸಂಜೆ ಆ ಮಕ್ಕಳ ಜೊತೆ ಆಡಬಹುದೋ ಬಾರದೋ, ಎಲ್ಲ ನಮಗೆ ಗೊತ್ತಾಗುತ್ತಿತ್ತು. ಅದರಲ್ಲಿ ವಿಚಾರ ಮಾಡುವಂಥದ್ದು ಏನಾದರೂ ಇದೆ ಎಂದು ನನಗೆ ಅಲ್ಲಿಯತನಕ ಅನಿಸಿರಲಿಲ್ಲ.

ಶಿಶುವಿಹಾರ ಇದ್ದದ್ದು ಅಂಕೋಲೆ ಪೇಟೆಯಿಂದ ಕಡಲ ಕಡೆ ಹೋಗುವ ರಸ್ತೆಯಲ್ಲಿ. ಹಂಚಿನ ಮಾಡು, ಒಂದೇ ಉದ್ದನೆಯ ಕೋಣೆ, ಹಿಂದೆ ಬಾವಿ. ಪೇಟೆಯ ಕೆಲವು ಹೆಂಗಸರು ಸಮಿತಿ ಮಾಡಿಕೊಂಡು ನಡೆಸುತ್ತಿದ್ದರು. ವಕೀಲರ, ವ್ಯಾಪಾರಿಗಳ, ಬ್ಯಾಂಕಿನವರ ಮಕ್ಕಳು ಫೀ ಕೊಟ್ಟು ಬರುತ್ತಿದ್ದರು. ಅವರ ಜೊತೆಗೆ ಹತ್ತು ಹನ್ನೆರಡು ಮಕ್ಕಳು ಫೀ ಇಲ್ಲದೆ ಬರುತ್ತಿದ್ದವು. ಅರ್ಧ ಮೀನುಗಾರರ ಕೇರಿಯವು. ಇನ್ನರ್ಧ ನೌಕಾನೆಲೆಗೆ ಮನೆ ಜಾಗ ಬಿಟ್ಟುಬಂದವರ ಕಾಲೊನಿಯವು. ಈ ಮಕ್ಕಳನ್ನು ತರಲು ಅಕ್ಕೋರು ಎರಡು ವರ್ಷ ಸಮಿತಿಯ ಬಾಗಿಲು ಬಡಿದಿದ್ದರಂತೆ. ಕೊನೆಗೆ ಅಧ್ಯಕ್ಷರಿಗೆ ಬೇಸರ ಬಂದು, “ಆಯ್ತು ಮಾರಾಯ್ತಿ, ಕರ್ಕಂಡ್ ಬಾ” ಎಂದಿದ್ದರಂತೆ.

ಅಕ್ಕೋರಿಗೆ ಆಗ ಐವತ್ತು ದಾಟಿತ್ತು. ಎತ್ತರದ, ಒಣಕಲು ಮೈಯ ಹೆಂಗಸು. ನೆರಿಗೆಯನ್ನು ಮೇಲಕ್ಕೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಳಿಗ್ಗೆ ಬಾಗಿಲಲ್ಲಿ ನಿಂತಿರುತ್ತಿದ್ದರು. ಒಂದು ಬಕೆಟ್ ನೀರು, ಒಂದು ತಂಬಿಗೆ, ಒರೆಸಲು ಹಳೆಯ ಪಂಚೆ. ಬಂದ ಮಗುವಿಗೆಲ್ಲ ಕಾಲು ತೊಳೆಸಿ, ಒರೆಸಿ, ಒಳಗೆ ಬಿಡುವುದು. ಬೂಟು ಹಾಕಿ ಸ್ಕೂಟರಿನಲ್ಲಿ ಬಂದ ಮಗುವಿಗೂ ಅದೇ, ಬರಿಗಾಲಲ್ಲಿ ಮರಳು ತುಳಿದು ಬಂದದ್ದಕ್ಕೂ ಅದೇ. ಕೊಂಕಣಿ ಮಾತ್ರ ಬರುವ ಮಕ್ಕಳಿದ್ದರೆ, “ಹಾಂಗಾ ಯೋ ಬಾಳಾ” ಎಂದು ಹತ್ತಿರ ಕರೆಯುತ್ತಿದ್ದರು. ಶುಚಿತ್ವದ ಗೀಳು ಇರಬೇಕು ಎಂದುಕೊಂಡು ನಾನು ಒಂದು ದಿನ ಕೇಳಿದೆ.

“ದಿನಾ ಎಲ್ಲರಿಗೂ ತೊಳೆಸ್ಬೇಕಾ ಅಕ್ಕೋರೇ? ಕೆಲವ್ರ ಕಾಲು ಚೊಕ್ಕ ಇರ್ತದಲ್ಲ.”

“ಒಳಗೆ ಬಂದ್ಮೇಲೆ ಯಾರು ಚಪ್ಲು ಹಾಕಂಡ್ ಬಂದ್ರು, ಯಾರು ಹಾಗೇ ಬಂದ್ರು ಅಂತ ನಿಂಗೆ ಗೊತ್ತಾಗ್ತದ್ಯ?”

“ಇಲ್ಲ.”

“ಅವ್ಕೂ ಗೊತ್ತಾಗೂದಿಲ್ಲ.”

ಇಷ್ಟು ಹೇಳಿ ಅವರು ಬಕೆಟ್ ಎತ್ತಿಕೊಂಡು ಬಾವಿಯ ಕಡೆ ಹೋದರು. ಅವರ ಮಾತೆಲ್ಲ ಹೀಗೇ. ಉತ್ತರ ಮುಗಿದರೆ ಅವರೂ ಅಲ್ಲಿಂದ ಹೊರಟರೆಂದೇ ಅರ್ಥ.

ಮಂಡಿನೋವು ಇತ್ತು. ಆದರೂ ಮಗುವಿನ ಜೊತೆ ಮಾತಾಡಬೇಕೆಂದರೆ ಕುಕ್ಕರುಗಾಲಿನಲ್ಲಿ ಕೂತೇ ಮಾತಾಡುತ್ತಿದ್ದರು. “ಮೂರು ವರ್ಷದ ಮಗೂಗೆ ನಾವು ತೆಂಗಿನ ಮರ ಇದ್ದಂಗೆ. ಮರದ ತುದೀಂದ ಮಾತಾಡಿದ್ರೆ ಅದಕ್ಕೆ ಎಂತ ಕೇಳ್ತದೆ?” ಎನ್ನುವರು. ಮಕ್ಕಳೆದುರು ಇಷ್ಟು ಮೆತ್ತಗಿದ್ದವರು ದೊಡ್ಡವರೆದುರು ಹಾಗಿರಲಿಲ್ಲ. ತಾಯಂದಿರ ಜೊತೆ ನಿಂತು ಹರಟಿದ್ದನ್ನು ನಾನು ನೋಡಲಿಲ್ಲ. ನನ್ನನ್ನು ಹೊಗಳಿದ್ದೂ ಇಲ್ಲ. ಯಾರ ಮನೆಗೂ ಹೋಗುತ್ತಿರಲಿಲ್ಲ. ಚೌತಿಗೆ ಪೇಟೆಯ ಮನೆಗಳಿಂದ, ಗಣಪತಿ ನೋಡಲಿಕ್ಕೆ ಬನ್ನಿ, ಪಂಚಕಜ್ಜಾಯ ತಿಂದುಹೋಗಿ ಎಂದು ಕರೆ ಬರುತ್ತಿತ್ತು. ಅವರು ಬಾಗಿಲಲ್ಲೇ ಕೈ ಮುಗಿದು ಬೇಡ ಎನ್ನುತ್ತಿದ್ದರು.

“ಹೋಗಿ ಬಂದ್ರೆ ಎಂತಾಗ್ತಿತ್ತು?” ಎಂದೆ.

“ಒಬ್ರ ಮನೀಗೆ ಹೋದ್ರೆ ಎಲ್ಲರ ಮನೀಗೂ ಹೋಗ್ಬೇಕು ತಂಗಿ. ಕರೂದು ಎಲ್ಲರ ಕೈಲೂ ಆಗೂದಿಲ್ಲ.”

ಹಾಗಾಗಿ ಊರಿಡೀ ಪಟಾಕಿ ಹೊಡೆಯುವ ದಿನ ಅವರು ತಮ್ಮ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಗಂಡ ಇರಲಿಲ್ಲ. ಮದುವೆಯಾಗಿ ಬಿಟ್ಟದ್ದೋ, ಆಗದೇ ಇದ್ದದ್ದೋ, ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಹುಟ್ಟಿದ ಊರು ಕಾಳಿ ನದಿಯ ದಂಡೆಯಲ್ಲಿ, ಕದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಅದೇ ನೀರಿನಿಂದ ನನ್ನ ಅಪ್ಪನ ಸಂಬಳ ಬರುತ್ತಿತ್ತು. ಇದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಆ ವರ್ಷ ಚೌತಿಯ ರಜೆ ಮುಗಿದು ಶಿಶುವಿಹಾರ ತೆರೆದ ದಿನ ನಾನೊಂದು ತಪ್ಪು ಮಾಡಿದೆ. ಮಕ್ಕಳನ್ನು ಮಾತಿಗೆಳೆಯೋಣ ಎಂದು, “ಹಬ್ಬಕ್ಕೆ ಯಾರ್ಯಾರಿಗೆ ಎಂತೆಂತ ಹೊಸ ಅಂಗಿ ತಂದ್ರು?” ಎಂದು ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಒಬ್ಬಳಿಗೆ ಹುಬ್ಬಳ್ಳಿಯಿಂದ ಫ್ರಾಕು, ಒಬ್ಬನಿಗೆ ಗೋವೆಯಿಂದ ಶರಟು. ಕಾಲೊನಿಯ ರೇಷ್ಮಾ ಎಂಬ ಹುಡುಗಿಯ ಸರದಿ ಬಂತು. ನಾಲ್ಕು ವರ್ಷದವಳು. ಅಂಗಿಗೆ ಗುಂಡಿಯ ಬದಲು ಸೇಫ್ಟಿಪಿನ್ ಹಾಕಿತ್ತು. “ನಂಗೆ ಮೂರು ಫ್ರಾಕು ತಂದಾರೆ” ಎಂದಳು. ಪಕ್ಕದ ಮಗು “ಸುಳ್ಳು” ಎಂದಿತು. ರೇಷ್ಮಾ ನಿಂತಲ್ಲೇ ಒದ್ದೆ ಮಾಡಿಕೊಂಡಳು.

ಅಕ್ಕೋರು ಅವಳನ್ನು ಎತ್ತಿಕೊಂಡು ಹಿಂದಕ್ಕೆ ಹೋಗಿ, ಬೇರೆ ಚಡ್ಡಿ ಹಾಕಿಸಿ ಬಂದರು. ಮಕ್ಕಳು ಹೋದಮೇಲೆ ನನ್ನ ಹತ್ತಿರ ಬಂದರು.

“ಮನೇಲಿ ಎಂತ ಅದೆ, ಎಂತ ತಂದ್ರು, ಎಂತ ತಿಂದ್ರಿ ಅಂತ ಇಲ್ಲಿ ಕೇಳೂದಲ್ಲ.”

“ಹಾಗಾದ್ರೆ ಎಂತ ಕೇಳೂದು?”

“ಬರುವಾಗ ದಾರೀಲಿ ಎಂತ ಕಂಡೆ ಅಂತ ಕೇಳು. ದಾರಿ ಎಲ್ಲರಿಗೂ ಅದೆ.”

ಮರುದಿನದಿಂದ ಅದೇ ಪ್ರಶ್ನೆ. ರೇಷ್ಮಾ ಮೊದಲ ದಿನ ಒಂದು ಮಾತಾಡಿದಳು, ಎರಡನೆಯ ದಿನ ನಾಲ್ಕು. ವಾರ ಕಳೆಯುವಷ್ಟರಲ್ಲಿ ಅವಳನ್ನು ನಿಲ್ಲಿಸುವುದೇ ಕಷ್ಟವಾಯಿತು. ಗದ್ದೆಯಲ್ಲಿ ಏಡಿ ಕಂಡದ್ದು, ಎಮ್ಮೆಯ ಬೆನ್ನ ಮೇಲೆ ಬೆಳ್ಳಕ್ಕಿ ಕೂತದ್ದು, ಬಲೆ ಹೊತ್ತ ಅಜ್ಜ ಸೇತುವೆಯ ಮೇಲೆ ಕೂತು ಬೀಡಿ ಹಚ್ಚಿದ್ದು. ಕಡಲ ಕಡೆಯ ಮಕ್ಕಳಿಗೆಲ್ಲ ಹೇಳುವುದಕ್ಕೆ ಬೇಕಾದಷ್ಟಿತ್ತು. ಬಾಯಿ ಬಿಡದೆ ಕೂತವನು ಪ್ರಣವ ಮಾತ್ರ. ಪೇಟೆಯ ಗುತ್ತಿಗೆದಾರರೊಬ್ಬರ ಮಗ, ಕಾರಿನಲ್ಲಿ ಬರುವವನು. ಕಾರಿನ ಗಾಜಿಗೆ ಕಪ್ಪು ಹಾಳೆ ಅಂಟಿಸಿತ್ತು. “ನಾ ಎಂತದೂ ಕಾಣ್ಲಿಲ್ಲ” ಎಂದು ಒಂದು ದಿನ ಅತ್ತುಬಿಟ್ಟ.

ಅಕ್ಕೋರು ಅವನ ಅಮ್ಮನಿಗೆ ಹೇಳಿಕಳಿಸಿದರು. ಇನ್ನೂರು ಹೆಜ್ಜೆಯಷ್ಟು ದೂರದ ಪೆಟ್ರೋಲ್ ಪಂಪಿನ ಹತ್ತಿರ ಅವನನ್ನು ಇಳಿಸಿದರೆ ಸಾಕು, ಅಲ್ಲಿಂದ ಕಾಲೊನಿಯ ಮಕ್ಕಳ ಜೊತೆ ನಡೆದು ಬರಲಿ ಎಂದರು. ಆ ಮಕ್ಕಳನ್ನು ಕರೆದುಕೊಂಡು ಬರಲು ಒಬ್ಬ ಅಜ್ಜಿ ಇದ್ದರು. ಅಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದಳು. ಅಕ್ಕೋರು ರೇಷ್ಮಾಳಿಗೆ, “ನೀ ಅವನ ಕೈ ಹಿಡ್ಕಂಡ್ ಬಾ” ಎಂದರು. ಮೂರನೆಯ ದಿನ ಪ್ರಣವ ಸತ್ತ ಏಡಿಯೊಂದರ ವಿಷಯವನ್ನು ಎಷ್ಟು ಹೊತ್ತು ಹೇಳಿದನೆಂದರೆ, ಆಯಾ ಉಪ್ಪಿಟ್ಟು ಹಿಡಿದುಕೊಂಡು ಬಾಗಿಲಲ್ಲೇ ಕಾದಿದ್ದಳು. ಅಕ್ಕೋರು ನಕ್ಕದ್ದನ್ನು ಅವತ್ತು ನೋಡಿದೆ.

ಮಳೆಗಾಲದ ಕೊನೆಯ ಮಳೆಗಳು. ಒಂದು ದಿನ ರಸ್ತೆ ಪಕ್ಕದ ಚರಂಡಿಯ ಚಪ್ಪಡಿ ಸರಿದಿತ್ತು. ಮೇಲೆ ನೀರು ನಿಂತು ಯಾರಿಗೂ ಕಾಣುತ್ತಿರಲಿಲ್ಲ. ಪ್ರಣವನ ಕಾಲು ಅದರೊಳಗೆ ಹೋಯಿತು. ಅಜ್ಜಿ ಅವನನ್ನು ಎತ್ತಿಕೊಂಡು ಓಡಿಬಂದರು. ಹಿಂದೆ ರೇಷ್ಮಾ. ಅಂಗಾಲಿನ ಬದಿ ಕೊಯ್ದು ರಕ್ತ ಸುರಿಯುತ್ತಿತ್ತು. ದವಾಖಾನೆಯಲ್ಲಿ ಮೂರು ಹೊಲಿಗೆ ಬಿತ್ತು. ಅಕ್ಕೋರೇ ತೊಡೆಯ ಮೇಲೆ ಕೂರಿಸಿಕೊಂಡು ಹೊಲಿಸಿದರು.

ಅವನ ಅಮ್ಮ ಮಧ್ಯಾಹ್ನ ಬಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಆಮೇಲೆ ಎಷ್ಟೋ ಸಲ ಅನಿಸಿದೆ.

“ನಿಮ್ಮ ಮನಸ್ಸು ಒಳ್ಳೇದೇ ಇರ್ಬಹುದು ಅಕ್ಕೋರೇ. ಆದ್ರೆ ನಿಮ್ಮ ಮನಸ್ಸಿಗೆ ಕಂಡದ್ದನ್ನೆಲ್ಲ ಮಾಡಿ ನೋಡೂಕೆ ನನ್ನ ಮಗ ಇರೂದಲ್ಲ.”

“ತಪ್ಪು ನಂದೇ” ಎಂದರು ಅಕ್ಕೋರು.

ಅಮ್ಮನ ಜೊತೆ ಸಮಿತಿಯ ಒಬ್ಬ ಸದಸ್ಯೆಯೂ ಬಂದಿದ್ದರು. ಅವರು ಒಳಗೆ ಹೋಗಿ, ಮೂಲೆಯಲ್ಲಿ ಕೂತಿದ್ದ ರೇಷ್ಮಾಳನ್ನು ಎಬ್ಬಿಸಿ ನಿಲ್ಲಿಸಿ ಕೇಳಿದರು. “ಕೈ ಹಿಡ್ಕಾ ಅಂತ ಹೇಳಿದ್ರಲ್ಲ, ನೀ ಎಂತಕ್ಕೆ ಬಿಟ್ಟೆ?”

ಅಕ್ಕೋರು ಒಂದೇ ನೆಗೆತಕ್ಕೆ ಬಂದು ಮಗುವನ್ನು ಹಿಂದಕ್ಕೆ ಎಳೆದುಕೊಂಡರು. “ಅವ್ಳ ಹತ್ರ ಕೇಳ್ಬೇಡಿ. ಕೇಳೂದಾದ್ರೆ ನನ್ನ ಹತ್ರ ಕೇಳಿ.” ಆದರೆ ಅಷ್ಟರಲ್ಲಿ ಪ್ರಶ್ನೆ ಮಗುವಿನ ಕಿವಿಗೆ ಬಿದ್ದಾಗಿತ್ತು. ಆಮೇಲೆ ಎಷ್ಟೋ ದಿನ ರೇಷ್ಮಾ ಒಂದು ಮಾತೂ ಆಡಲಿಲ್ಲ.

ಎಲ್ಲರೂ ಹೋದಮೇಲೆ ಅಕ್ಕೋರು ಬಾವಿಕಟ್ಟೆಯ ಮೇಲೆ ಕೂತರು. ನಾನು ಪಕ್ಕದಲ್ಲಿ ನಿಂತೆ. ಸಮಾಧಾನದ ಮಾತು ಹುಡುಕುತ್ತಿದ್ದೆ.

“ಅಪಘಾತ ಅಲ್ವಾ ಅಕ್ಕೋರೇ. ನೀವು ಬೇಕಂತ ಮಾಡಿದ್ದಲ್ಲ.”

“ಅವ ಬಿದ್ದದ್ದು ಅಪಘಾತ. ಇನ್ನೊಂದು ನಾ ಮಾಡಿದ್ದು.”

“ಇನ್ನೊಂದು ಎಂತದು?”

ಅವರು ತಮ್ಮ ಬಗ್ಗೆ ಇಷ್ಟು ಮಾತು ಒಟ್ಟಿಗೆ ಆಡಿದ್ದು ಅದೊಂದೇ ಸಲ.

“ನಾ ಶಾಲೀಗೆ ಹೋದದ್ದು ಹೆಂಗೆ ಗೊತ್ತದ್ಯ? ನಮ್ಮ ಒಡೇರ ಮಗ್ಳಿಗೆ ಮಳೇಲಿ ಕೊಡೆ ಹಿಡೂಕೆ. ಅಪ್ಪ ಅವ್ರ ಗದ್ದೆ ಮಾಡ್ತಿದ್ದ. ಅವ್ಳು ಒಳಗೆ ಕೂತ್ರೆ ನಾ ಜಗ್ಲೀಲಿ ಕೂರ್ಬೇಕು. ಸಂಜೀಗೆ ಮತ್ತೆ ಕೊಡೆ ಹಿಡ್ದು ಮನೆ ಮುಟ್ಸಬೇಕು. ಜಗ್ಲೀಲಿ ಕೂತು ಕೇಳಿ ಕೇಳಿ ಅಕ್ಷರ ಕಲ್ತೆ. ಒಂದಿನ ಗಾಳಿಗೆ ಕೊಡೆ ಮಗಚಿ ಅವ್ಳು ನೆಂದ್ಲು, ಜ್ವರ ಬಂತು. ಒಡೇರು ಅಪ್ಪನ ಎದುರೇ ನನ್ನ ಹತ್ರ ಕೇಳಿದ್ರು, ನೀ ಎಂತಕ್ಕೆ ಸರಿ ಹಿಡೀಲಿಲ್ಲ ಅಂತ. ನಂಗಾಗ ಆರು ವರ್ಷ. ಅವ್ಳಿಗೆ ಏಳು.”

ಬಾವಿಯೊಳಗೆ ಮಾಡಿನ ನೀರು ತೊಟ್ಟಿಕ್ಕುತ್ತಿತ್ತು.

“ಈಗ ನಾ ಎಂತ ಮಾಡ್ದೆ ನೋಡು. ಕಾರಲ್ಲಿ ಬರುವವಂಗೆ ದಾರಿ ತೋರ್ಸೂಕೆ ಆ ಹುಡ್ಗೀಗೆ ಇಟ್ಟೆ. ಅವಂದೂ ನಾಲ್ಕು ವರ್ಷ, ಅವ್ಳದ್ದೂ ನಾಲ್ಕು ವರ್ಷ. ಅವ್ಳ ಕೈಯನ್ನ ಅವ ಹಿಡ್ಕಳ್ಲಿ ಅಂತ ನನ್ನ ಬಾಯಲ್ಲಿ ಬರ್ಲೇ ಇಲ್ಲ.”

ಅವರು ಎದ್ದು ಒಳಗೆ ಹೋಗಿ, ಮಕ್ಕಳು ಬಿಟ್ಟುಹೋದ ಚಾಪೆಗಳನ್ನು ಒಂದೊಂದಾಗಿ ಸುತ್ತಿ ಗೋಡೆಗೆ ಒರಗಿಸಿದರು.

ದೀಪಾವಳಿಯ ಮೊದಲು ಸಮಿತಿಯ ಸಭೆ ಆಯಿತು. ಫೀ ಕೊಡುವವರಲ್ಲಿ ಕೆಲವರು ಮಕ್ಕಳನ್ನು ಬಿಡಿಸುತ್ತೇವೆ ಎಂದು ಹೇಳಿದ್ದರು. ಅವರಿಗೆ ಇಂಗ್ಲಿಷ್ ಬೇಕಿತ್ತು, ಬೆಂಚು ಬೇಕಿತ್ತು, ಮಕ್ಕಳು “ಯಾರ್ಯಾರ ಜೊತೆಗೋ” ಕೂರುವುದು ಬೇಡವಾಗಿತ್ತು. ಕೋಣೆಯ ನಡುವೆ ಪ್ಲೈವುಡ್ ಹಲಗೆ ಹಾಕಿ ಎರಡು ಮಾಡುವುದೆಂದು ತೀರ್ಮಾನವಾಯಿತು. ಈಚೆ ಇಂಗ್ಲಿಷ್ ವಿಭಾಗ, ಅದಕ್ಕೆ ಬಿ.ಎ. ಆದ ನಾನು. ಆಚೆ ಉಳಿದವರು, ಅವರಿಗೆ ಅಕ್ಕೋರು.

ಅಧ್ಯಕ್ಷರು ನನ್ನ ಮುಖ ನೋಡಿದರು. “ಆಗ್ತದಲ್ಲ ನಿಂಗೆ?”

ಅಕ್ಕೋರು ಎದುರಿನ ಬೆಂಚಿನಲ್ಲಿ ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ಆ ವರ್ಷ ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ಕೆಲಸ ಖಾಯಂ ಆದರೆ ಅದನ್ನು ಒಂದೆರಡು ವರ್ಷ ಮುಂದಕ್ಕೆ ಹಾಕಬಹುದು ಎಂಬ ಆಸೆ ನನಗಿತ್ತು. ಕಾರಣ ಅಷ್ಟೇ. ದೊಡ್ಡ ಕಾರಣವೇನಲ್ಲ.

“ಆಗ್ತದೆ” ಎಂದೆ.

ಅಕ್ಕೋರು ಆ ಸಭೆಯಲ್ಲಿ ಒಂದೇ ಮಾತು ಕೇಳಿದರು. “ಹಲಗೆ ಹಾಕೂದಾದ್ರೆ ಹಾಕಿ. ಬಾಗ್ಲು ಒಂದೇ ಇರ್ಲಿ.” ಅದಕ್ಕೆ ಯಾರೂ ಬೇಡ ಎನ್ನಲಿಲ್ಲ. ಹಾಗಾಗಿ ಆ ವರ್ಷ ಬೆಳಗಿನ ಕಾಲು ತೊಳೆಸುವುದು ನಡೆಯಿತು. ತೊಳೆಸಿದ ಮೇಲೆ ಮಕ್ಕಳು ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು ಹೋಗುತ್ತಿದ್ದರು.

ಹಲಗೆ ಮಾಡಿನ ತನಕ ಮುಟ್ಟಿರಲಿಲ್ಲ. ಮೇಲೆ ಒಂದಾಳು ಎತ್ತರದಷ್ಟು ಖಾಲಿ. ಆಚೆ ಕೆಮ್ಮಿದರೆ ಈಚೆ ಕೇಳುತ್ತಿತ್ತು. ಮೊದಲ ವಾರದಲ್ಲೇ ಒಂದು ಬೆಳಿಗ್ಗೆ, ನಾನು ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರ ಬರೆಯುತ್ತಿದ್ದಾಗ, ಆಚೆಯಿಂದ ಅಕ್ಕೋರ ದನಿ ಬಂತು. “ಇವತ್ತು ಬರುವಾಗ ದಾರೀಲಿ ಎಂತ ಕಂಡ್ರಿ?”

ನನ್ನ ಬೆಂಚಿನಿಂದ ಪ್ರಣವ ಎದ್ದು ನಿಂತ. ಈಗ ಅವನು ಕಾರಿನ ಗಾಜು ಇಳಿಸಿಕೊಂಡು ಬರುತ್ತಿದ್ದ. ಹಲಗೆಯ ಕಡೆ ಮುಖ ಮಾಡಿ, ಗಟ್ಟಿಯಾಗಿ, “ಅಕ್ಕೋರೇ, ನಾ ಒಂದು ಹಸಿರು ಹಾವು ಕಂಡೆ” ಎಂದ.

ಸಮಿತಿಯ ಸದಸ್ಯೆಯೊಬ್ಬರು ಆ ದಿನ ವರ್ಗ ನೋಡಲು ಬಂದು ಹಿಂದೆ ಕುರ್ಚಿಯಲ್ಲಿ ಕೂತಿದ್ದರು. ನಾನು ಅವನ ಭುಜ ಹಿಡಿದು ಕೂರಿಸಿದೆ.

“ಪ್ರಣವ, ಕೂತ್ಕೋ. ಅವ್ರು ನಿನ್ನನ್ನ ಕೇಳಿದ್ದಲ್ಲ.”

ಆಚೆ ಗದ್ದಲ ನಿಂತಿತು. ಆಮೇಲೆ ಆಚೆ ಚಾಪೆಯ ಮೇಲೆ ಅವರು ಕೂತ ಸಪ್ಪಳ ಬಂತು. ಆ ದಿನದಿಂದ ಅವರು ಆ ಪ್ರಶ್ನೆಯನ್ನು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ನಮಗೆ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳತೊಡಗಿದರು. ಈಚೆ ನನ್ನ ಮಕ್ಕಳು ಕೆಲವು ದಿನ ಕಿವಿಗೊಟ್ಟು ಕಾದರು. ಆಮೇಲೆ ಕಾಯುವುದನ್ನು ಬಿಟ್ಟರು.

ನಮ್ಮಿಬ್ಬರ ನಡುವೆ ಜಗಳ ಆಗಲಿಲ್ಲ. ಮೊದಲು ಮಧ್ಯಾಹ್ನ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದೆವು. ಆಮೇಲೆ ಅವರು ತಮ್ಮ ಕಡೆಯ ಕಿಟಕಿಯ ಹತ್ತಿರ ಕೂತು ಉಣ್ಣತೊಡಗಿದರು, ನಾನು ನನ್ನ ಮೇಜಿನಲ್ಲಿ. ಡಬ್ಬಿಯ ಮುಚ್ಚಳ ತೆಗೆದದ್ದು, ನೀರು ಕುಡಿದದ್ದು ಪರಸ್ಪರ ಕೇಳುತ್ತಿತ್ತು. ಹಲಗೆಗೆ ಕೈ ಬಡಿದು “ಅಕ್ಕೋರೇ, ಉಪ್ಪಿನಕಾಯಿ ಬೇಕಾ” ಎನ್ನಬೇಕು ಎಂದು ದಿನಾ ಅನಿಸುತ್ತಿತ್ತು. ಒಂದು ದಿನವೂ ಅನ್ನಲಿಲ್ಲ.

ಮುಂದಿನ ಜೂನಿಗೆ ಆಚೆಯವರಿಗೆಂದು ಇನ್ನೊಂದು ಬಾಗಿಲು ತೆರೆದರು. ಕಾಲೊನಿಯಲ್ಲಿ ಅಂಗನವಾಡಿ ಶುರುವಾಯಿತು. ಆಚೆ ಏಳು ಮಕ್ಕಳು ಉಳಿದರು, ಆಮೇಲೆ ನಾಲ್ಕು. ಅಕ್ಟೋಬರಿನಲ್ಲಿ ಸಮಿತಿ ಆ ವಿಭಾಗವನ್ನು ಮುಚ್ಚಿತು. ಅಕ್ಕೋರು ಹೊರಟ ದಿನ ನಾನು ಮಕ್ಕಳಿಗೆ ಪದ್ಯ ಹೇಳಿಕೊಡುತ್ತಿದ್ದೆ. ಅವರು ತಮ್ಮ ಬಾಗಿಲಿನಿಂದಲೇ ಹೋದರು. ಬಕೆಟ್ಟನ್ನು ತೊಳೆದು ಬೋರಲು ಹಾಕಿದ್ದರು ಎಂದು ಆಯಾ ಹೇಳಿದಳು.

ಎರಡು ವರ್ಷದ ಮೇಲೆ ನಾನೂ ಆ ಕೆಲಸ ಬಿಟ್ಟೆ. ಮದುವೆಯಾಗಿ ಕಾರವಾರಕ್ಕೆ ಬಂದೆ. ಇಲ್ಲಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಸೇರಿಕೊಂಡೆ. ಅವರ ಕೋಣೆಯ ತನಕ ಹೋಗಲು ನನಗೆ ಮತ್ತೂ ಮೂರು ವರ್ಷ ಬೇಕಾಯಿತು.

ಒಂದು ಭಾನುವಾರ ಹೋದೆ. ಹಿತ್ತಿಲ ಕಡೆಯ ಒಂದೇ ಕೋಣೆ, ಒಂದು ಮಂಚ, ಒಂದು ಸ್ಟವ್. ಅವರು ತೀರ ಇಳಿದಿದ್ದರು. ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ನನ್ನನ್ನು ನೋಡಿ ಆಶ್ಚರ್ಯವನ್ನೂ ತೋರಿಸಲಿಲ್ಲ, ಸಂತೋಷವನ್ನೂ ತೋರಿಸಲಿಲ್ಲ. “ಬಾ, ಕೂರು” ಎಂದು ಮಂಚದ ಮೇಲಿನ ಬಟ್ಟೆ ಸರಿಸಿ, ಎದ್ದು ಚಾಕ್ಕೆ ನೀರಿಟ್ಟರು. ದಿನಾ ಯಾರು ಬರುತ್ತಾರೆ ಎಂದು ಕೇಳಿದೆ. “ಹಾಲಿನವ” ಎಂದರು.

ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತನ್ನು ನಾನು ಕೊನೆಗೂ ಆಡಿದೆ.

“ಅವತ್ತು ಸಭೇಲಿ ನಾ ಆಗೂದಿಲ್ಲ ಅನ್ಬೇಕಿತ್ತು ಅಕ್ಕೋರೇ.”

“ನೀ ಆಗೂದಿಲ್ಲ ಅಂದಿದ್ರೆ ಬೇರೆಯವ್ರು ಬರ್ತಿದ್ರು. ಹಲಗೆ ಹಾಕೇ ಹಾಕ್ತಿದ್ರು.”

“ಆ ಹುಡ್ಗಂಗೆ ಕೂರು ಅಂದದ್ದು, ಅದು…”

“ಅದು ಬೇರೆ” ಎಂದರು. ಬೆನ್ನು ನನ್ನ ಕಡೆ ಇತ್ತು. ಸೋಸುತ್ತಿದ್ದ ಕೈ ನಿಂತಿತ್ತು. “ಅದಕ್ಕೆ ನಂಗೆ ಸಿಟ್ಟು ಬಂದಿತ್ತು.”

ಅವರು ಎರಡು ಲೋಟ ತಂದರು. ಒಂದನ್ನು ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದುಕೊಂಡು ಎದುರಿಗೆ ನೆಲದ ಮೇಲೆ ಕೂತರು. ನನ್ನ ಮುಖವನ್ನು ನೇರವಾಗಿ ನೋಡಿದರು. ಎಷ್ಟೋ ವರ್ಷದ ಮೇಲೆ.

“ಈಗ್ಲೂ ಅದೆ” ಎಂದರು. “ಚಾ ಆರ್ತದೆ, ಕುಡಿ.”

ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. ಹೊರಡುವಾಗ, ಮತ್ತೆ ಬರಲೇ ಎಂದು ಕೇಳಿದೆ. “ಬಸ್ಸು ಅದೆ” ಎಂದರು.

ಆಮೇಲೆ ಮೂರು ಸಲ ಹೋದೆ. ಮೂರು ಸಲವೂ ಚಾ ಮಾಡಿದರು. ಒಂದು ಸಲ ನನ್ನ ಶಾಲೆಯ ಮಕ್ಕಳು ಎಂಥವರು ಎಂದು ಕೇಳಿ, ನಾನು ಹೇಳಿದ್ದನ್ನು ಸಂಜೆಯ ಬಸ್ಸಿನ ಹೊತ್ತಿನ ತನಕ ಕೇಳಿದರು. ಸಿಟ್ಟು ಹೋಯಿತು ಎಂದು ಅವರು ಹೇಳಲಿಲ್ಲ. ಹೋಯಿತೇ ಎಂದು ನಾನೂ ಕೇಳಲಿಲ್ಲ.